ಸೊಂಟ ಮುರಿದ ನಿತ್ರಾಣ ಹಿರಿಯರಿಗೆ ಅರಿವಳಿಕೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಬಚ್ಚಲಲ್ಲಿ ಜಾರಿಯೋ, ನಡುರಾತ್ರಿ ಎದ್ದಾಗ ಕಾಲು ತೊಡರಿಯೋ ಬಿದ್ದ ಎಂಬತ್ತು ದಾಟಿದ ಹಿರಿಯರ ತೊಡೆಮೂಳೆಯ ಮೇಲ್ತುದಿ ಮುರಿದಿದೆ ಎಂದು ಎಕ್ಸ್‌ರೇ ತೋರಿಸಿದ ಮೇಲೆ, ಮನೆಯವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅರಿವಳಿಕೆಯ ಭಯ. ‘ಡಾಕ್ಟ್ರೇ, ಅಮ್ಮನಿಗೆ ಪೂರ್ತಿ ಮತ್ತು ಕೊಡಬೇಡಿ, ಈ ವಯಸ್ಸಲ್ಲಿ ಮತ್ತೆ ಏಳ್ತಾರೋ ಇಲ್ವೋ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿಬಿಡಿ’ ಎಂಬ ಮಾತನ್ನು ಕೇಳದ ಅರಿವಳಿಕೆ ತಜ್ಞರು ಕರ್ನಾಟಕದಲ್ಲಿ ಇರಲಾರರು. ಬೆನ್ನಿನ ಇಂಜೆಕ್ಷನ್ ಸುರಕ್ಷಿತ, ಪೂರ್ಣ ಅರಿವಳಿಕೆ ಅಪಾಯಕಾರಿ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲಿಯೂ ಇತ್ತು. ಅದನ್ನು ನೇರವಾಗಿ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳಲ್ಲಿ 1,600 ರೋಗಿಗಳ ಮೇಲೆ ನಡೆದ ‘ರಿಗೇನ್’ ಎಂಬ ಆ ಅಧ್ಯಯನದಲ್ಲಿ, 60 ದಿನಗಳೊಳಗೆ ಮರಣ ಹೊಂದಿದವರು ಅಥವಾ ಸ್ವಲ್ಪ ದೂರವೂ ತಾವಾಗಿ ನಡೆಯಲಾರದೆ ಉಳಿದವರು ಬೆನ್ನಿನ ಅರಿವಳಿಕೆಯ ಗುಂಪಿನಲ್ಲಿ ಶೇ. 18.5, ಪೂರ್ಣ ಅರಿವಳಿಕೆಯ ಗುಂಪಿನಲ್ಲಿ ಶೇ. 18. ಶಸ್ತ್ರಚಿಕಿತ್ಸೆಯ ನಂತರದ ಬುದ್ಧಿಭ್ರಮೆ, ಅಂದರೆ ನಮ್ಮ ಹಿರಿಯರು ಸನ್ನಿ ಎನ್ನುವ ಸ್ಥಿತಿ, ಎರಡೂ ಗುಂಪಿನಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಬಂದಿತ್ತು. ಮರುವರ್ಷ ಚೀನಾದಿಂದ ಪ್ರಕಟವಾದ, 950 ರೋಗಿಗಳ ‘ರಾಗಾ’ ಅಧ್ಯಯನವೂ ಸನ್ನಿಯ ವಿಷಯದಲ್ಲಿ ಇದನ್ನೇ ಹೇಳಿತು.

ಹಾಗೆಂದು ಅರಿವಳಿಕೆಯ ಆಯ್ಕೆ ಮುಖ್ಯವಲ್ಲ ಎಂದು ತಿಳಿಯಬಾರದು. ಸಾವಿರಾರು ಜನರ ಸರಾಸರಿಯಲ್ಲಿ ಎರಡೂ ಸಮನಾಗಿದ್ದರೂ, ಹೃದಯದ ಕವಾಟ ಕಿರಿದಾಗಿರುವ ಅಜ್ಜಿಗೂ ಉಬ್ಬಸದಿಂದ ಏದುಸಿರು ಬಿಡುವ ಅಜ್ಜನಿಗೂ ಒಂದೇ ದಾರಿ ಹಿತವಾಗುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ನಿತ್ರಾಣಗೊಂಡ ದೇಹಕ್ಕೆ ಅರಿವಳಿಕೆಯನ್ನು ಎಷ್ಟು ಬೇಗ, ಎಷ್ಟು ಕಡಿಮೆ ಪ್ರಮಾಣದಲ್ಲಿ, ರಕ್ತದೊತ್ತಡವನ್ನು ಎಷ್ಟು ಕಾಯ್ದುಕೊಂಡು ಕೊಟ್ಟರು ಎಂಬುದೇ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ ಎಂಬ ತಿಳಿವಳಿಕೆಯ ಮೇಲೆ ಈ ಬರಹ ನಿಂತಿದೆ. ಬಿದ್ದ ಗಳಿಗೆಯಿಂದ ಶಸ್ತ್ರಚಿಕಿತ್ಸೆಯ ನಂತರದ ಕೆಲವು ದಿನಗಳವರೆಗೆ ಮನೆಯವರು ಏನನ್ನು ತಿಳಿದಿರಬೇಕು, ಏನನ್ನು ಕೇಳಬೇಕು, ಏನನ್ನು ಮಾಡಬೇಕು ಎಂಬುದು ಇಲ್ಲಿ ಕ್ರಮವಾಗಿ ಇದೆ. ಕೊನೆಯ ತೀರ್ಮಾನ ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರದ್ದೇ ಆಗಿರುತ್ತದೆ.

ಹಂತ 1: ಮನೆಯಿಂದ ಹೊರಡುವ ಮೊದಲು

ಹಿರಿಯರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು, ಖಾಲಿಯಾದವುಗಳನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ‘ಬಿಪಿ ಮಾತ್ರೆ, ಬಿಳಿ ಬಣ್ಣದ್ದು’ ಎಂದರೆ ಅರಿವಳಿಕೆ ತಜ್ಞರಿಗೆ ಏನೂ ಹೇಳಿದಂತಾಗುವುದಿಲ್ಲ. ಯಾವ ಮಾತ್ರೆಯನ್ನು ಕೊನೆಯ ಬಾರಿ ಯಾವ ಹೊತ್ತಿಗೆ ನುಂಗಿದರು ಎಂಬುದನ್ನು ಬರೆದಿಟ್ಟುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಗಳಿದ್ದರೆ ಈ ಒಂದು ಮಾಹಿತಿಯಿಂದಲೇ ಅರಿವಳಿಕೆಯ ಬಗೆ ಬದಲಾಗಬಹುದು. ಆಯುರ್ವೇದದ ಔಷಧಿಗಳಿದ್ದರೆ ಅವನ್ನೂ ಮುಚ್ಚಿಡದೆ ಹೇಳಿ. ಬೀಳುವ ಮುನ್ನ ತಲೆಸುತ್ತು ಅಥವಾ ಎದೆನೋವು ಬಂದಿತ್ತೇ, ಬಿದ್ದ ಮೇಲೆ ಎಷ್ಟು ಹೊತ್ತು ನೆಲದ ಮೇಲೇ ಇದ್ದರು, ಹಿಂದೆ ಶಸ್ತ್ರಚಿಕಿತ್ಸೆ ಆಗಿದ್ದಾಗ ಅರಿವಳಿಕೆಯಿಂದ ತೊಂದರೆಯಾಗಿತ್ತೇ ಎಂಬುದೂ ಬೇಕು.

ಇನ್ನೊಂದು ಮಾಹಿತಿಯನ್ನು ಮನೆಯವರು ಮಾತ್ರ ಕೊಡಬಲ್ಲರು: ಬೀಳುವುದಕ್ಕೆ ಎರಡು ವಾರ ಮೊದಲು ಅವರು ಹೇಗಿದ್ದರು ಎಂಬುದು. ‘ಚೆನ್ನಾಗಿದ್ದರು’ ಎಂಬ ಉತ್ತರ ಸಾಲದು. ಅಂಗಡಿಗೆ, ದೇವಸ್ಥಾನಕ್ಕೆ ತಾವಾಗಿ ಹೋಗುತ್ತಿದ್ದರೇ, ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದರೇ, ಸ್ನಾನಕ್ಕೆ ಬೇರೆಯವರ ನೆರವು ಬೇಕಿತ್ತೇ, ಹಣದ ಲೆಕ್ಕ ನೆನಪಿರುತ್ತಿತ್ತೇ, ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತೇ, ಆರು ತಿಂಗಳಲ್ಲಿ ತೂಕ ಇಳಿದಿತ್ತೇ ಎಂದು ವಿವರವಾಗಿ ಹೇಳಿ. ಕೆನಡಾದ ವೈದ್ಯರು ರೂಪಿಸಿದ, ಈಗ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ನಿತ್ರಾಣದ ಅಳತೆಗೋಲಿನಲ್ಲಿ 1ರಿಂದ 9ರವರೆಗೆ ಅಂಕಗಳಿವೆ. ಹೊರಗಿನ ವ್ಯವಹಾರಕ್ಕೆ ಮಾತ್ರ ನೆರವು ಬೇಕಾದವರು 5ರಲ್ಲಿ, ಸ್ನಾನಕ್ಕೂ ನೆರವು ಬೇಕಾದವರು 6ರಲ್ಲಿ, ಎಲ್ಲ ನಿತ್ಯಕರ್ಮಗಳಿಗೂ ಪರರನ್ನೇ ಅವಲಂಬಿಸಿದವರು 7ರಲ್ಲಿ ಬರುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳನ್ನು ಊಹಿಸಲು ವಯಸ್ಸಿಗಿಂತ ಈ ಅಂಕವೇ ಹೆಚ್ಚು ನೆರವಾಗುತ್ತದೆ.

ಕನ್ನಡಕ, ಶ್ರವಣ ಸಾಧನ, ಕಟ್ಟಿಸಿದ ಹಲ್ಲಿನ ಡಬ್ಬಿ ಜೊತೆಗಿರಲಿ. ಆಧಾರ್ ಮತ್ತು ಪಡಿತರ ಚೀಟಿಯನ್ನೂ ಮರೆಯಬೇಡಿ. ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಪಡೆಯುವುದಾದರೆ, ಕಾಗದಪತ್ರಕ್ಕಾಗಿ ಊರಿಗೆ ಮರಳುವುದರಲ್ಲೇ ಒಂದು ದಿನ ಹೋಗುವುದುಂಟು. ಮುರಿದ ಸೊಂಟಕ್ಕೆ ನಾಟಿ ಕಟ್ಟು ಹಾಕಿಸಿ ಒಂದು ವಾರ ನೋಡೋಣ ಎಂಬ ಯೋಚನೆಯನ್ನು ಇಲ್ಲಿಗೇ ಬಿಡಬೇಕು. ಆ ವಾರದಲ್ಲಿ ಬೆನ್ನಿನ ಹುಣ್ಣು, ಶ್ವಾಸಕೋಶದ ಸೋಂಕು ಮತ್ತು ಕಾಲಿನ ರಕ್ತನಾಳದ ಹೆಪ್ಪು ಸೇರಿಕೊಂಡರೆ, ಅರಿವಳಿಕೆ ತಜ್ಞರ ಮುಂದೆ ಬರುವ ರೋಗಿ ಬಿದ್ದ ದಿನಕ್ಕಿಂತ ಎಷ್ಟೋ ಹೆಚ್ಚು ಕುಗ್ಗಿರುತ್ತಾರೆ.

ಹಂತ 2: ಮೊದಲ ಗಂಟೆಗಳಲ್ಲೇ ನೋವಿಗೆ ನರದ ಇಂಜೆಕ್ಷನ್

ಅರಿವಳಿಕೆಯ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಶುರುವಾಗುತ್ತದೆ ಎಂಬುದು ಹಳೆಯ ಕ್ರಮ. ಒಳ್ಳೆಯ ಆಸ್ಪತ್ರೆಗಳಲ್ಲಿ ಅದು ಈಗ ತುರ್ತು ಚಿಕಿತ್ಸಾ ವಿಭಾಗದಲ್ಲೇ ಶುರುವಾಗುತ್ತದೆ. ತೊಡೆಸಂದಿಯ ಕೆಳಗೆ ನರಗಳು ಹಾದುಹೋಗುವ ಪದರದಲ್ಲಿ ಮರಗಟ್ಟಿಸುವ ಔಷಧಿಯನ್ನು ಹಾಕುವ ಈ ವಿಧಾನಕ್ಕೆ ಫೇಶಿಯಾ ಇಲಿಯಾಕಾ ಬ್ಲಾಕ್ ಎನ್ನುತ್ತಾರೆ. ತೊಡೆಯ ಮುಖ್ಯ ನರದ ಪಕ್ಕದಲ್ಲಿ ಕೊಡುವುದು ಫೆಮೊರಲ್ ಬ್ಲಾಕ್. 2018ರಲ್ಲಿ ಮೊದಲು ವರ್ಣಿಸಲಾದ, ಕೀಲಿನ ಮುಂಭಾಗಕ್ಕೆ ಹೋಗುವ ಸಣ್ಣ ನರಗಳನ್ನಷ್ಟೇ ಗುರಿಯಾಗಿಸಿಕೊಂಡು ಕಾಲಿನ ಬಲವನ್ನು ಬಹುಮಟ್ಟಿಗೆ ಉಳಿಸುವ ಪೆಂಗ್ ಬ್ಲಾಕ್ ಇನ್ನೊಂದು.

ವೈದ್ಯರು ಅಲ್ಟ್ರಾಸೌಂಡ್ ಯಂತ್ರವನ್ನು ಹಾಸಿಗೆಯ ಪಕ್ಕಕ್ಕೆ ತಳ್ಳಿಕೊಂಡು ಬರುತ್ತಾರೆ, ತೊಡೆಸಂದಿಗೆ ತಣ್ಣನೆಯ ಜೆಲ್ ಸವರುತ್ತಾರೆ. ಪರದೆಯ ಮೇಲೆ ಸ್ನಾಯುವಿನ ಮೇಲಿನ ಹೊದಿಕೆ ಬಿಳಿ ಗೆರೆಯಾಗಿ ಕಾಣುತ್ತದೆ. ಸೂಜಿಯ ತುದಿ ಆ ಗೆರೆಯನ್ನು ದಾಟಿ, ಔಷಧಿ ಒಳಹೋದಂತೆ ಗೆರೆಯ ಕೆಳಗೆ ಕಪ್ಪು ಬಣ್ಣದ ಕೊಳದಂಥ ಜಾಗವೊಂದು ಅಗಲವಾಗುತ್ತ ಹೋಗುತ್ತದೆ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ, ಎಕ್ಸ್‌ರೇ ಮೇಜಿನ ಮೇಲೆ ಕಿರುಚುತ್ತಿದ್ದ ಅಜ್ಜಿ ಸುಮ್ಮನೆ ಮಲಗುವ ಮಟ್ಟಕ್ಕೆ ಬರುತ್ತಾರೆ. ಪರಿಣಾಮ ಎಂಟು ಹನ್ನೆರಡು ಗಂಟೆ ಇರಬಹುದು. ಔಷಧಿಯ ಪ್ರಮಾಣವನ್ನು ತೂಕ ನೋಡಿಯೇ ಲೆಕ್ಕ ಹಾಕಬೇಕು. ಮರಗಟ್ಟಿಸಲು ಬಳಸುವ ಬುಪಿವಕೇನ್‌ಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಕಿಲೋಗೆ 2 ಮಿಲಿಗ್ರಾಂ. 40 ಕಿಲೋ ತೂಗುವವರಿಗೆ 80 ಮಿಲಿಗ್ರಾಂ, ಅಂದರೆ ಶೇ. 0.25ರ ದ್ರಾವಣ 30 ಮಿಲಿಲೀಟರ್ ಕೊಟ್ಟರೆ 75 ಮಿಲಿಗ್ರಾಂ ಆಗಿ ಮಿತಿಯ ಅಂಚಿಗೆ ಬಂದಂತೆ. ಆದ್ದರಿಂದ ತೂಕ ಕೇಳಿದಾಗ ‘ಐವತ್ತು ಇರಬಹುದು’ ಎಂದು ಅಂದಾಜಿನಲ್ಲಿ ಹೇಳದೆ, ಇತ್ತೀಚೆಗೆ ತೂಗಿಸಿದ್ದರೆ ಆ ಸಂಖ್ಯೆಯನ್ನೇ ಹೇಳಿ.

ನರದ ಇಂಜೆಕ್ಷನ್ನಿನ ಪರವಾಗಿರುವ ಪುರಾವೆ ಬಲವಾದದ್ದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ವಿಮರ್ಶೆಯ ಪ್ರಕಾರ ಇದರಿಂದ ಕದಲಿದಾಗಿನ ನೋವು ಕಡಿಮೆಯಾಗುತ್ತದೆ, ಸನ್ನಿಯ ಸಾಧ್ಯತೆ ತಗ್ಗುತ್ತದೆ. ಬೆನ್ನಿನದೋ ಪೂರ್ಣವೋ ಎಂಬ ಚರ್ಚೆಯಲ್ಲಿ ಮುಳುಗುವ ಮನೆಯವರು ಇದನ್ನು ಕೇಳುವುದನ್ನೇ ಮರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಬರಹದಿಂದ ಒಂದೇ ಪ್ರಶ್ನೆಯನ್ನು ಒಯ್ಯುವುದಾದರೆ ಅದು ಇದು: ‘ಅಮ್ಮನಿಗೆ ಈಗಲೇ ನರದ ಬ್ಲಾಕ್ ಕೊಡಲು ಆಗುತ್ತದೆಯೇ?’

ಬ್ಲಾಕ್ ಇಲ್ಲದ ಕಡೆ ನೋವಿಗೆ ಆಧಾರ ಪ್ಯಾರಸಿಟಮಾಲ್. ತೂಕ 50 ಕಿಲೋಗಿಂತ ಕಡಿಮೆಯಿದ್ದರೆ ಅದರ ಪ್ರಮಾಣವೂ ಇಳಿಯಬೇಕು. ಡೈಕ್ಲೊಫಿನಾಕ್‌ನಂಥ ಇಂಜೆಕ್ಷನ್ನುಗಳು ಒಣಗಿದ ದೇಹದ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ನಮ್ಮಲ್ಲಿ ಬಹುದಿನದಿಂದ ರೂಢಿಯಲ್ಲಿರುವ ಫೋರ್ಟ್‌ವಿನ್-ಫೆನರ್ಗನ್ ಜೋಡಿ ಇಂಜೆಕ್ಷನ್ ನಿತ್ರಾಣ ಹಿರಿಯರ ತಲೆಯನ್ನು ಕೆಡಿಸುವುದರಲ್ಲಿ ಎತ್ತಿದ ಕೈ; ಪೆಥಿಡಿನ್ ಕೂಡ ಅಷ್ಟೇ. ಕಾಲಿಗೆ ತೂಕ ಕಟ್ಟಿ ಎಳೆಯುವ ಪದ್ಧತಿಯಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ಹಂತ 3: ಎಷ್ಟು ಹೊತ್ತು ಕಾಯಬಹುದು, ಯಾವುದಕ್ಕೆ ಕಾಯಬಾರದು

ಆಸ್ಪತ್ರೆಗೆ ಸೇರಿದ ದಿನ ಅಥವಾ ಮರುದಿನ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ. ಅಮೆರಿಕದ ಮೂಳೆ ತಜ್ಞರ ಸಂಘದ ಸಲಹೆ 24ರಿಂದ 48 ಗಂಟೆಗಳೊಳಗೆ. 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಹಿಪ್ ಅಟ್ಯಾಕ್’ ಅಧ್ಯಯನವು ಇನ್ನೂ ವೇಗವಾಗಿ, ರೋಗ ಪತ್ತೆಯಾದ ಆರು ಗಂಟೆಗಳ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ನೋಡಿತು. ಸುಮಾರು ಒಂದು ದಿನ ಕಾದವರಿಗೆ ಹೋಲಿಸಿದರೆ ಮರಣ ಪ್ರಮಾಣ ಕಡಿಮೆಯಾಗಲಿಲ್ಲ. ಆದರೆ ಸನ್ನಿ ಕಡಿಮೆಯಾಯಿತು, ರೋಗಿಗಳು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ರಾತ್ರಿ ಎರಡು ಗಂಟೆಗೆ ದಣಿದ ತಂಡದಿಂದ ಅವಸರದಲ್ಲಿ ಮಾಡಿಸುವ ಅಗತ್ಯವಿಲ್ಲ, ಮೂರು ನಾಲ್ಕು ದಿನ ಮಲಗಿಸಿಡುವುದೂ ಸಲ್ಲದು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ನಮ್ಮಲ್ಲಿ ವಿಳಂಬದ ದೊಡ್ಡ ಕಾರಣ ‘ಫಿಟ್‌ನೆಸ್’ ಎಂಬ ಶಬ್ದದ ಸುತ್ತ ಇರುತ್ತದೆ. ಹೃದ್ರೋಗ ತಜ್ಞರು ಫಿಟ್‌ನೆಸ್ ಕೊಡಬೇಕು, ಅದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಆಗಬೇಕು, ಎಕೋ ಮಾಡುವವರು ಸೋಮವಾರ ಬರುತ್ತಾರೆ ಎಂಬ ಸರಪಳಿಯಲ್ಲಿ ಶನಿವಾರ ಬಿದ್ದವರ ಎರಡು ದಿನ ಕಳೆದೇಹೋಗುತ್ತದೆ. ನಿಜಕ್ಕೂ ತಡೆದು ಸರಿಪಡಿಸಬೇಕಾದ ಸ್ಥಿತಿಗಳು ಕೆಲವೇ. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ ಅವನ್ನು ಹೆಸರಿಸಿದೆ: ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇರುವುದು, ಸೋಡಿಯಂ 120ಕ್ಕಿಂತ ಕೆಳಗೆ ಅಥವಾ 150ಕ್ಕಿಂತ ಮೇಲಿರುವುದು, ಪೊಟ್ಯಾಸಿಯಂ 2.8ಕ್ಕಿಂತ ಕೆಳಗೆ ಅಥವಾ 6ಕ್ಕಿಂತ ಮೇಲಿರುವುದು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಶ್ವಾಸಕೋಶದಲ್ಲಿ ನೀರು ತುಂಬಿಸುವ ಹೃದಯ ವೈಫಲ್ಯ, ನಿಮಿಷಕ್ಕೆ 120ಕ್ಕಿಂತ ವೇಗವಾಗಿ ತಾಳ ತಪ್ಪಿ ಬಡಿಯುವ ಹೃದಯ, ರಕ್ತಕ್ಕೆ ಹರಡಿದ ಶ್ವಾಸಕೋಶದ ಸೋಂಕು, ಸರಿಪಡಿಸಬಹುದಾದ ರಕ್ತ ಹೆಪ್ಪುಗಟ್ಟುವಿಕೆಯ ದೋಷ. ಸೋಡಿಯಂ 131 ಇದೆ ಎಂಬುದು ಈ ಪಟ್ಟಿಯಲ್ಲಿಲ್ಲ, ಎಕೋ ಆಗಿಲ್ಲ ಎಂಬುದೂ ಇಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹೃದಯದಲ್ಲಿ ಮರ್ಮರ ಶಬ್ದ ಕೇಳಿಸಿದರೆ, ಕಾರಣವಿಲ್ಲದ ಉಸಿರಾಟದ ತೊಂದರೆಯಿದ್ದರೆ, ಎಕೋ ಉಪಯುಕ್ತ. ಅದನ್ನು ಹಾಸಿಗೆಯ ಬಳಿಯೇ ಬೇರೆ ತಯಾರಿಯ ಜೊತೆಜೊತೆಗೆ ಮಾಡಿಸಬೇಕು.

ಮನೆಯವರಿಂದಾಗುವ ವಿಳಂಬವನ್ನೂ ಇಲ್ಲಿ ಹೇಳಲೇಬೇಕು. ಅಮಾವಾಸ್ಯೆ ಕಳೆಯಲಿ, ಅಮೆರಿಕದಲ್ಲಿರುವ ಮಗ ಬಂದು ಸಹಿ ಹಾಕಲಿ ಎಂದು ಕಾಯುವ ಪ್ರತಿ ದಿನವೂ ಹಾಸಿಗೆಯಲ್ಲಿರುವವರ ಸ್ನಾಯುಗಳನ್ನು ಕರಗಿಸುತ್ತದೆ. ಮಗನೊಡನೆ ವೈದ್ಯರು ವಿಡಿಯೋ ಕರೆಯಲ್ಲಿ ಮಾತನಾಡಬಹುದು. ರೋಗಿಗೆ ತಿಳಿವಳಿಕೆ ಸರಿಯಾಗಿದ್ದರೆ ಒಪ್ಪಿಗೆ ಕೊಡುವ ಮೊದಲ ಹಕ್ಕು ಅವರದ್ದೇ.

ಹಂತ 4: ಆಯ್ಕೆಗಳನ್ನು ಅರಿಯುವುದು

ಬೆನ್ನಿನ ಅರಿವಳಿಕೆಯಲ್ಲಿ, ಅಂದರೆ ಸ್ಪೈನಲ್‌ನಲ್ಲಿ, ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಗಳ ನಡುವಿನಿಂದ ತೆಳುವಾದ ಸೂಜಿ ತೂರಿಸಿ, ನರಗಳನ್ನು ಸುತ್ತುವರಿದ ದ್ರವಕ್ಕೆ ಔಷಧಿ ಹಾಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಸೊಂಟದಿಂದ ಕೆಳಗೆ ಮರಗಟ್ಟುತ್ತದೆ. ಪರಿಣಾಮ ಒಂದೂವರೆಯಿಂದ ಮೂರು ಗಂಟೆ. ಉಸಿರಾಟದ ಕೊಳವೆ ಬೇಕಾಗುವುದಿಲ್ಲ, ಆದ್ದರಿಂದ ದೀರ್ಘಕಾಲದ ಉಬ್ಬಸ ಅಥವಾ ಕಫದ ಕಾಯಿಲೆ ಇರುವವರಲ್ಲಿ, ಎಲೆಅಡಿಕೆ ಹೊಗೆಸೊಪ್ಪಿನಿಂದ ಬಾಯಿ ಸರಿಯಾಗಿ ತೆರೆಯದವರಲ್ಲಿ ಇದನ್ನೇ ಮೊದಲು ಯೋಚಿಸುತ್ತಾರೆ. ಜೀವನಪರ್ಯಂತ ಬೆನ್ನುನೋವು ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಯುವಕರನ್ನು ಕಾಡುವ ನಂತರದ ತಲೆನೋವು ಮುಪ್ಪಿನಲ್ಲಿ ಅಪರೂಪ.

ಇದರ ನಿಜವಾದ ತೊಡಕು ರಕ್ತದೊತ್ತಡದ ಕುಸಿತ. ಔಷಧಿಯು ಕಾಲಿನ ರಕ್ತನಾಳಗಳನ್ನು ಸಡಿಲಗೊಳಿಸಿದಾಗ, ಎರಡು ದಿನದಿಂದ ಸರಿಯಾಗಿ ನೀರು ಕುಡಿಯದ, ಮುರಿತದ ಜಾಗದಲ್ಲಿ ರಕ್ತ ಕಳೆದುಕೊಂಡ ದೇಹಕ್ಕೆ ಅದನ್ನು ತುಂಬಿಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ಪ್ರಮಾಣವೇ ಇಲ್ಲಿ ಸರ್ವಸ್ವ. ನಮ್ಮಲ್ಲಿ ಸಿಗುವ ‘ಹೆವಿ’ ಬುಪಿವಕೇನ್ ಆಂಪೂಲಿನಲ್ಲಿ 4 ಮಿಲಿಲೀಟರ್, ಅಂದರೆ 20 ಮಿಲಿಗ್ರಾಂ ಇರುತ್ತದೆ. ಗಟ್ಟಿಮುಟ್ಟಾದ ವಯಸ್ಕರಿಗೆ 3 ಮಿಲಿಲೀಟರ್ ಕೊಡುವುದು ರೂಢಿ. ನಿತ್ರಾಣ ಹಿರಿಯರಿಗೆ ತಜ್ಞರ ಸಲಹೆ 10 ಮಿಲಿಗ್ರಾಂಗಿಂತ ಕಡಿಮೆ, ಅಂದರೆ ಸಿರಿಂಜಿನಲ್ಲಿ 2 ಮಿಲಿಲೀಟರ್ ಗೆರೆ ಮುಟ್ಟದಷ್ಟು. ಜೊತೆಗೆ ಅತಿ ಸಣ್ಣ ಪ್ರಮಾಣದಲ್ಲಿ ಫೆಂಟನಿಲ್ ಎಂಬ ನೋವಿನ ಔಷಧಿ ಸೇರಿಸುವುದುಂಟು. ಮುರಿದ ಕಾಲು ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ, ದ್ರವಕ್ಕಿಂತ ಭಾರವಾದ ಔಷಧಿ ಆ ಬದಿಗೇ ಇಳಿದು, ಕಡಿಮೆ ಪ್ರಮಾಣದಲ್ಲೇ ಕೆಲಸವಾಗುತ್ತದೆ.

ಮುರಿದ ಕಾಲಿನವರನ್ನು ಮಗ್ಗುಲಾಗಿಸುವುದು ಅಥವಾ ಕೂರಿಸುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಹಂತ 2ರ ಬ್ಲಾಕ್ ಇಲ್ಲಿ ಎರಡನೆಯ ಬಾರಿ ಉಪಕಾರಕ್ಕೆ ಬರುತ್ತದೆ. ಬ್ಲಾಕ್ ಇಲ್ಲದೆ ಇಬ್ಬರು ಸಿಬ್ಬಂದಿ ಹಿಡಿದು ಕೂರಿಸಿದಾಗ ನೋವಿನಿಂದ ಬೆನ್ನು ಸೆಟೆದುಕೊಳ್ಳುತ್ತದೆ. ಸವೆದು, ಅಂಟಿಕೊಂಡ ಮುದಿ ಬೆನ್ನುಮೂಳೆಗಳ ನಡುವೆ ದಾರಿ ಹುಡುಕಲು ಸೂಜಿಯನ್ನು ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ. ಹಲವು ಪ್ರಯತ್ನಗಳ ನಂತರವೂ ಆಗದಿದ್ದರೆ ಪೂರ್ಣ ಅರಿವಳಿಕೆಗೆ ತಿರುಗುವುದು ವಿವೇಕ. ಅದನ್ನು ವೈದ್ಯರ ಸೋಲೆಂದು ಮನೆಯವರು ಬಗೆಯಬಾರದು.

‘ಅವರಿಗೆ ಏನೂ ಗೊತ್ತಾಗದ ಹಾಗೆ ನಿದ್ದೆ ಬರಿಸಿಬಿಡಿ’ ಎಂಬ ಕೋರಿಕೆಯನ್ನೂ ಸ್ಪೈನಲ್ ಜೊತೆ ಮುಂದಿಡುವವರಿದ್ದಾರೆ. ಮಿಡಜೋಲಾಮ್ ಅಥವಾ ಪ್ರೊಪೊಫಾಲ್‌ನಿಂದ ಗಾಢವಾಗಿ ಮಲಗಿಸಿದರೆ, ಅದು ಕೊಳವೆಯಿಲ್ಲದ ಪೂರ್ಣ ಅರಿವಳಿಕೆಯೇ ಆಗಿಬಿಡುತ್ತದೆ. ಎರಡರ ತೊಡಕುಗಳೂ ಒಟ್ಟಿಗೆ ಬರುತ್ತವೆ. ಕಿವಿಗೆ ಇಯರ್‌ಫೋನ್ ಇಟ್ಟು ಅವರಿಷ್ಟದ ದೇವರನಾಮ ಕೇಳಿಸುವುದರಿಂದ ಎಷ್ಟೋ ಹಿರಿಯರಿಗೆ ಔಷಧಿಯ ಅಗತ್ಯವೇ ಬೀಳುವುದಿಲ್ಲ.

ಪೂರ್ಣ ಅರಿವಳಿಕೆ ಯಾರಿಗೆ ಹೊಂದುತ್ತದೆ? ರಕ್ತ ತೆಳುವಾಗಿಸುವ ಔಷಧಿಯ ಪ್ರಭಾವ ಇನ್ನೂ ಇರುವವರಿಗೆ, ಬೆನ್ನಿನ ಚರ್ಮದಲ್ಲಿ ಸೋಂಕು ಇರುವವರಿಗೆ, ಮರೆವಿನ ಕಾಯಿಲೆಯಿಂದ ಒಂದು ಗಂಟೆ ಅಲುಗಾಡದೆ ಮಲಗಲಾರದವರಿಗೆ, ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾದವರಿಗೆ. ಕೊನೆಯವರಲ್ಲಿ ಒತ್ತಡ ಹಠಾತ್ತನೆ ಕುಸಿದರೆ ಹೃದಯಕ್ಕೇ ರಕ್ತ ಸಿಗದಂತಾಗುತ್ತದೆ. ಅಂಥ ಕುಸಿತವನ್ನು ಪೂರ್ಣ ಅರಿವಳಿಕೆಯಲ್ಲಿ ಕ್ಷಣಕ್ಷಣಕ್ಕೂ ಹತೋಟಿಯಲ್ಲಿಡುವುದು ಹೆಚ್ಚು ಸುಲಭವೆಂದು ಅನೇಕರು ಭಾವಿಸುತ್ತಾರೆ. ಅನಿಲ ಅರಿವಳಿಕೆಯ ಅಗತ್ಯ ನಲವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 6ರಷ್ಟು ಇಳಿಯುತ್ತದೆ, ನಿದ್ದೆ ಬರಿಸುವ ಇಂಜೆಕ್ಷನ್ನಿನ ಪ್ರಮಾಣವೂ ಇಳಿಯುತ್ತದೆ. ಅಷ್ಟನ್ನೇ ನಿಧಾನವಾಗಿ ಕೊಟ್ಟು, ಸಾಧ್ಯವಿದ್ದರೆ ಮಿದುಳಿನ ತರಂಗ ನೋಡುವ ಯಂತ್ರದಿಂದ ಆಳವನ್ನು ಗಮನಿಸುತ್ತ, ನೋವಿಗೆ ಬ್ಲಾಕನ್ನು ನೆಚ್ಚಿಕೊಂಡರೆ, ಪೂರ್ಣ ಅರಿವಳಿಕೆಯಿಂದ ಎಂಬತ್ತೈದರ ಅಜ್ಜನೂ ಮೇಜಿನ ಮೇಲೆಯೇ ಕಣ್ಣು ತೆರೆದು ಹೆಸರು ಹೇಳುತ್ತಾರೆ.

ನರದ ಬ್ಲಾಕ್ ಒಂದರಿಂದಲೇ ಶಸ್ತ್ರಚಿಕಿತ್ಸೆ ಆಗದೇ ಎಂದು ಕೇಳುವವರಿದ್ದಾರೆ. ಸೊಂಟದ ಕೀಲಿಗೆ ಮುಂದಿನಿಂದಲೂ ಹಿಂದಿನಿಂದಲೂ ಬೇರೆ ಬೇರೆ ನರಗಳು ಬರುವುದರಿಂದ ಸಾಮಾನ್ಯ ಬ್ಲಾಕ್ ಅಷ್ಟಕ್ಕೆ ಸಾಲುವುದಿಲ್ಲ. ಸೊಂಟದ ಮತ್ತು ತ್ರಿಕಾಸ್ಥಿಯ ನರಜಾಲಗಳೆರಡನ್ನೂ ಮರಗಟ್ಟಿಸಿ ಮಾಡುವ ವಿಧಾನವುಂಟು. ಅದು ನುರಿತ ಕೈಗಳಿರುವ ಕೆಲವೇ ಕಡೆ, ಉಳಿದೆರಡು ದಾರಿಗಳೂ ತೀರಾ ಕಷ್ಟವಾದವರಿಗೆ.

ಹಂತ 5: ರಕ್ತ ತೆಳುವಾಗಿಸುವ ಮಾತ್ರೆಗಳ ಲೆಕ್ಕ

ಆಸ್ಪಿರಿನ್ ಒಂದೇ ಇದ್ದರೆ ಸ್ಪೈನಲ್‌ಗೆ ಅಡ್ಡಿಯಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೊಗ್ರೆಲ್ ಇದ್ದರೆ ಸ್ಪೈನಲ್‌ಗೆ ಐದರಿಂದ ಏಳು ದಿನ ಬಿಡಬೇಕೆಂಬ ನಿಯಮವಿದೆ. ಕಾರಣ, ಬೆನ್ನಿನ ಒಳಗೆ ರಕ್ತ ಹೆಪ್ಪುಗಟ್ಟಿ ನರಗಳನ್ನು ಒತ್ತುವ, ಅಪರೂಪವಾದರೂ ಕಾಲಿನ ಬಲವನ್ನೇ ಕಸಿಯಬಹುದಾದ ಅಪಾಯ. ಇದರಿಂದ ಬರುವ ಸರಿಯಾದ ತೀರ್ಮಾನ ಏಳು ದಿನ ಕಾಯುವುದಲ್ಲ. ಪೂರ್ಣ ಅರಿವಳಿಕೆ ಮತ್ತು ಬ್ಲಾಕ್ ಆರಿಸಿಕೊಂಡು ಸಮಯಕ್ಕೆ ಸರಿಯಾಗಿ ಮುಗಿಸುವುದು. ‘ಬೆನ್ನಿಗೇ ಕೊಡಿ’ ಎಂಬ ಮನೆಯವರ ಹಟ ಒಂದು ವಾರದ ವಿಳಂಬಕ್ಕೆ ಕಾರಣವಾಗುವುದು ಇಂಥಲ್ಲಿಯೇ.

ವಾರ್ಫರಿನ್ ಅಥವಾ ಅಸಿಟ್ರಾಮ್ ಗುಂಪಿನ ಮಾತ್ರೆಯಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿ, ವಿಟಮಿನ್ ಕೆ ಕೊಟ್ಟು ಇಳಿಸುತ್ತಾರೆ. ಸ್ಪೈನಲ್‌ಗೆ ಅದು 1.5ಕ್ಕಿಂತ ಕೆಳಗಿರಬೇಕು. ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ಇದ್ದರೆ ಕೊನೆಯ ಮಾತ್ರೆಯ ಗಂಟೆ ಮತ್ತು ಮೂತ್ರಪಿಂಡದ ಸ್ಥಿತಿ ಎರಡನ್ನೂ ನೋಡಿ ನಿರ್ಧರಿಸಬೇಕು. ಆಸ್ಪತ್ರೆಯಲ್ಲೇ ಹೆಪ್ಪು ತಡೆಯಲು ಕೊಡುವ ಹೆಪಾರಿನ್ ಬಗೆಯ ಚುಚ್ಚುಮದ್ದಿಗೂ ಲೆಕ್ಕವಿದೆ: ತಡೆಗಾಗಿ ಕೊಡುವ ಸಣ್ಣ ಪ್ರಮಾಣವಾದರೆ 12 ಗಂಟೆ, ಚಿಕಿತ್ಸೆಯ ದೊಡ್ಡ ಪ್ರಮಾಣವಾದರೆ 24 ಗಂಟೆ ಕಳೆದ ಮೇಲೆ ಸ್ಪೈನಲ್. ಹಿಂದಿನ ರಾತ್ರಿ ನರ್ಸ್ ಕೊಟ್ಟ ಹೊಟ್ಟೆಯ ಚುಚ್ಚುಮದ್ದನ್ನು ನೀವು ಗಮನಿಸಿದ್ದರೆ ಅದನ್ನೂ ಹೇಳಿ.

ಹಂತ 6: ಅರಿವಳಿಕೆ ತಜ್ಞರೊಂದಿಗೆ ಕುಳಿತು ಮಾತನಾಡುವುದು

‘ಹೈ ರಿಸ್ಕ್ ಕನ್ಸೆಂಟ್’ ಎಂದು ಬರೆದ ಕಾಗದಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತು ಸಹಿ ಹಾಕುವುದು ಮಾತುಕತೆಯಲ್ಲ. ನೇರವಾಗಿ ಭೇಟಿಯಾಗಲು ಹತ್ತು ನಿಮಿಷ ಕೇಳಿ. ಇವರಿಗೆ ಯಾವ ವಿಧಾನ ಯೋಚಿಸಿದ್ದೀರಿ ಮತ್ತು ಏಕೆ, ಅದು ಆಗದಿದ್ದರೆ ಮುಂದೇನು, ಬಿಪಿ ಇಳಿಯದಂತೆ ಏನು ಮಾಡುತ್ತೀರಿ, ನಂತರದ ನೋವಿಗೆ ಏನು, ಐಸಿಯು ಬೇಕಾಗಬಹುದೇ ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ. ಹೃದಯ ನಿಂತರೆ ಎದೆ ಒತ್ತಿ ಮರುಜೀವ ಕೊಡುವ ಪ್ರಯತ್ನ ಬೇಕೇ, ವೆಂಟಿಲೇಟರ್ ಮೇಲೆ ಎಷ್ಟು ದಿನ ಎಂಬ ಕಠಿಣ ಪ್ರಶ್ನೆಗಳನ್ನು ಹಿರಿಯರ ಇಚ್ಛೆ ತಿಳಿದು ಆಗಲೇ ಮಾತಾಡಿಕೊಳ್ಳುವುದು ಮೇಲು.

ಶಸ್ತ್ರಚಿಕಿತ್ಸೆಯೇ ಬೇಡ ಎಂಬುದೂ ಕೆಲವರಿಗೆ ಒಂದು ಆಯ್ಕೆ. ನೆದರ್ಲೆಂಡ್ಸ್‌ನಲ್ಲಿ ವೃದ್ಧಾಶ್ರಮಗಳಲ್ಲಿದ್ದ ಅತಿ ನಿತ್ರಾಣರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 172 ಜನರಲ್ಲಿ 88 ಮಂದಿ, ಕುಟುಂಬದವರೊಂದಿಗೆ ಚರ್ಚಿಸಿ ಶಸ್ತ್ರಚಿಕಿತ್ಸೆ ಬೇಡವೆಂದು ಆರಿಸಿಕೊಂಡರು; ಅವರಲ್ಲಿ ಹೆಚ್ಚಿನವರು ಬೇಗನೆ ತೀರಿಕೊಂಡರೂ, ಉಳಿದ ದಿನಗಳ ಜೀವನದ ಗುಣಮಟ್ಟ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಕೀಳಾಗಿರಲಿಲ್ಲ. ಮೊದಲೇ ಹಾಸಿಗೆ ಹಿಡಿದ, ಕೊನೆಯ ಹಂತದ ಕಾಯಿಲೆಯಿರುವವರಿಗೆ ಮಾತ್ರ ಹೊಂದುವ ಮಾತಿದು, ಅದೂ ಬ್ಲಾಕ್ ಮತ್ತು ಮಾರ್ಫಿನ್‌ನಿಂದ ನೋವು ಪೂರ್ತಿ ಹತೋಟಿಯಲ್ಲಿದ್ದರೆ. ನಡೆದಾಡುತ್ತಿದ್ದವರನ್ನು ‘ವಯಸ್ಸಾಯಿತು, ಬಿಡಿ’ ಎಂದು ಮಲಗಿಸಲು ಇದನ್ನು ನೆಪ ಮಾಡಿಕೊಳ್ಳಬಾರದು.

ಹಂತ 7: ಉಪವಾಸ ಮತ್ತು ಬೆಳಗಿನ ಮಾತ್ರೆ

ಊಟ, ಗಂಜಿ, ಹಾಲು, ಹಾಲು ಬೆರೆಸಿದ ಕಾಫಿ ಟೀ ಇವಕ್ಕೆ ಆರು ಗಂಟೆ. ನೀರಿಗೆ ಎರಡು ಗಂಟೆ. ‘ರಾತ್ರಿ ಹನ್ನೆರಡರಿಂದ ಏನೂ ಕೊಡಬೇಡಿ’ ಎಂದು ಹೇಳಿ, ಮಧ್ಯಾಹ್ನ ಮೂರಕ್ಕೆ ಥಿಯೇಟರಿಗೆ ಕರೆದರೆ ಆ ದೇಹ ಹದಿನೈದು ಗಂಟೆ ನೀರಿಲ್ಲದೆ ಒಣಗಿರುತ್ತದೆ, ಸ್ಪೈನಲ್ ಕೊಟ್ಟೊಡನೆ ಬಿಪಿ ಕುಸಿಯುವುದಕ್ಕೆ ಅದೇ ಸಿದ್ಧತೆ. ‘ಎಷ್ಟು ಗಂಟೆಯವರೆಗೆ ನೀರು ಕೊಡಬಹುದು?’ ಎಂದು ಸ್ಪಷ್ಟವಾಗಿ ಕೇಳಿ, ಸರದಿ ಮುಂದೆ ಹೋದರೆ ಮತ್ತೆ ಕೇಳಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರಿಗೆ ಕೇಳದೆ ಕೊಡಬೇಡಿ.

ಮೆಟೊಪ್ರೊಲಾಲ್‌ನಂಥ ಹೃದಯದ ಬಡಿತ ತಗ್ಗಿಸುವ ಮಾತ್ರೆ, ಥೈರಾಯ್ಡ್ ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತವೆ. ಟೆಲ್ಮಿಸಾರ್ಟನ್, ರ‍್ಯಾಮಿಪ್ರಿಲ್ ಬಗೆಯ ಬಿಪಿ ಮಾತ್ರೆಗಳನ್ನು ಆ ಬೆಳಿಗ್ಗೆ ಬಿಡಿಸುವುದೇ ಹೆಚ್ಚು. ಕೊಟ್ಟರೆ ಥಿಯೇಟರಿನಲ್ಲಿ ಬಿಪಿ ಎತ್ತುವುದು ಕಷ್ಟ. ಡಾಪಾಗ್ಲಿಫ್ಲೋಜಿನ್ ಬಗೆಯ ಸಕ್ಕರೆ ಮಾತ್ರೆ ಇದ್ದರೆ ಸೇರಿದ ದಿನವೇ ತಿಳಿಸಿ. ಪಾರ್ಕಿನ್‌ಸನ್ ಕಾಯಿಲೆಯವರಿಗೆ ಸಿಂಡೋಪಾ ಒಂದು ಹೊತ್ತೂ ತಪ್ಪಬಾರದು, ವಾಂತಿಗೆಂದು ಪೆರಿನಾರ್ಮ್ ಕೊಡಬಾರದು; ಇದನ್ನು ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆಸಿ.

ಹಂತ 8: ಬಾಗಿಲ ಆಚೆ ನಡೆಯುವುದು

ಮನೆಯವರಿಗೆ ಕಾಣದ ಈ ಭಾಗದಲ್ಲಿ ಅರಿವಳಿಕೆ ತಜ್ಞರ ಕಣ್ಣು ಮುಖ್ಯವಾಗಿ ಬಿಪಿಯ ಮೇಲಿರುತ್ತದೆ. ರೋಗಿಯ ಎಂದಿನ ಒತ್ತಡಕ್ಕಿಂತ ಶೇ. 20ಕ್ಕಿಂತ ಹೆಚ್ಚು ಇಳಿಯದಂತೆ, ಬಿಪಿ ಏರಿಸುವ ಫಿನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್ ಹನಿಹನಿಯಾಗಿ ಕೊಡುತ್ತಾರೆ. ಅದಕ್ಕಾಗಿಯೇ ಮನೆಯಲ್ಲಿ ಸಾಮಾನ್ಯವಾಗಿ ಬಿಪಿ ಎಷ್ಟಿರುತ್ತಿತ್ತು ಎಂದು ನೀವು ಬರೆದು ಕೊಡುವುದು ಉಪಯುಕ್ತ. ಆಸ್ಪತ್ರೆಯಲ್ಲಿ ನೋವಿನಲ್ಲಿದ್ದಾಗ ನೋಡಿದ 170 ಅವರ ನಿಜವಾದ ಸಂಖ್ಯೆಯಲ್ಲ.

ತೊಡೆಮೂಳೆಯ ಕತ್ತು ಮುರಿದು ‘ಬಾಲ್’, ಅಂದರೆ ಆ ಮೂಳೆಯ ದುಂಡನೆಯ ತಲೆ, ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯ ಟೊಳ್ಳಿಗೆ ಸಿಮೆಂಟ್ ತುಂಬುವ ಕ್ಷಣ ಸೂಕ್ಷ್ಮವಾದದ್ದು. ಒತ್ತಡಕ್ಕೆ ಮಜ್ಜೆಯ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದಾಗ ಆಮ್ಲಜನಕವೂ ಬಿಪಿಯೂ ಒಮ್ಮೆಲೇ ಬೀಳಬಹುದು. ಅಪರೂಪಕ್ಕೆ ಹೃದಯವೇ ನಿಲ್ಲಬಹುದು. ಆದ್ದರಿಂದ ಶಸ್ತ್ರಚಿಕಿತ್ಸಕರು ಟೊಳ್ಳನ್ನು ತೊಳೆದು ಒಣಗಿಸಿ, ‘ಸಿಮೆಂಟ್ ಹಾಕುತ್ತಿದ್ದೇನೆ’ ಎಂದು ಗಟ್ಟಿಯಾಗಿ ಹೇಳಬೇಕು, ಅರಿವಳಿಕೆ ತಜ್ಞರು ಅದಕ್ಕೆ ಮುಂಚೆಯೇ ಆಮ್ಲಜನಕ ಹೆಚ್ಚಿಸಿ ಬಿಪಿಯನ್ನು ಎತ್ತಿ ಹಿಡಿದಿರಬೇಕು. ಈ ಭಯಕ್ಕೆ ಸಿಮೆಂಟನ್ನೇ ಬೇಡವೆನ್ನುವುದು ಸರಿಯಲ್ಲ. 1,225 ರೋಗಿಗಳ ಬ್ರಿಟಿಷ್ ಅಧ್ಯಯನವೊಂದು ಸಿಮೆಂಟ್ ಹಾಕಿದವರ ಜೀವನದ ಗುಣಮಟ್ಟ ತುಸು ಉತ್ತಮವಾಗಿಯೂ, ಬಾಲ್ ಸುತ್ತ ಮತ್ತೆ ಮೂಳೆ ಮುರಿಯುವುದು ಕಡಿಮೆಯಾಗಿಯೂ ಇದ್ದುದನ್ನು 2022ರಲ್ಲಿ ತೋರಿಸಿತು. ರಾಡ್ ಹಾಕುವ ಮುರಿತಗಳಲ್ಲಿ ಸಾಮಾನ್ಯವಾಗಿ ಸಿಮೆಂಟಿನ ಪ್ರಶ್ನೆ ಬರುವುದಿಲ್ಲ. ಅಲ್ಲಿ ರಕ್ತನಷ್ಟವೇ ಹೆಚ್ಚು, ಹೊರಗೆ ಕಾಣುವುದಕ್ಕಿಂತ ಒಳಗೆ.

ಹಂತ 9: ಮೊದಲ ಮೂರು ದಿನಗಳು

ಎರಡನೆಯ ರಾತ್ರಿ ಅಪ್ಪ ಇದ್ದಕ್ಕಿದ್ದಂತೆ ಗ್ಲೂಕೋಸ್ ಕೊಳವೆ ಕಿತ್ತುಹಾಕಿ ‘ಹಸು ಕರೆಯೋ ಹೊತ್ತಾಯ್ತು, ಕೊಟ್ಟಿಗೆಗೆ ಹೋಗ್ಬೇಕು’ ಎಂದರೆ ಅರಿವಳಿಕೆಯಿಂದ ತಲೆ ಕೆಟ್ಟಿತು ಎಂದುಕೊಳ್ಳುವವರೇ ಹೆಚ್ಚು. ಸನ್ನಿಗೆ ಕಾರಣಗಳು ಹಲವು: ನೋವು, ನಿದ್ದೆಗೇಡು, ಮಲಬದ್ಧತೆ, ಕಟ್ಟಿದ ಮೂತ್ರ, ಸೋಂಕು, ಇಳಿದ ಸೋಡಿಯಂ, ಆಮ್ಲಜನಕದ ಕೊರತೆ. ಕೂಗಾಡದೆ ಮಂಕಾಗಿ, ಮಾತಿಲ್ಲದೆ ಮಲಗಿಬಿಡುವ ಬಗೆಯೂ ಇದೆ, ಅದನ್ನು ‘ಸುಸ್ತಾಗಿದ್ದಾರೆ’ ಎಂದು ಎಲ್ಲರೂ ಕಡೆಗಣಿಸುತ್ತಾರೆ. ಎರಡನ್ನೂ ವೈದ್ಯರಿಗೆ ತಿಳಿಸಿ, ಕಾರಣ ಹುಡುಕಿಸಿ. ಕೈ ಕಟ್ಟಿಹಾಕುವುದು, ನಿದ್ದೆ ಇಂಜೆಕ್ಷನ್ ಕೊಡಿಸುವುದು ಸನ್ನಿಯನ್ನು ಉದ್ದ ಮಾಡುತ್ತವೆ.

ಚೇತರಿಕೆ ಕೊಠಡಿಯಲ್ಲೇ ಕನ್ನಡಕ, ಶ್ರವಣ ಸಾಧನ ಹಾಕಿಸಿ. ಗುರುತಿನ ಒಂದು ಮುಖ ಸದಾ ಪಕ್ಕದಲ್ಲಿರಲಿ, ಹತ್ತು ಮಂದಿ ಬೇಡ. ಹಗಲು ಕಿಟಕಿ ತೆರೆದು, ರಾತ್ರಿ ದೀಪ ಆರಿಸಿ. ವಾಂತಿ ಇಲ್ಲದಿದ್ದರೆ ಅದೇ ಸಂಜೆ ಮೆದುವಾದ ಊಟ ಕೊಡಬಹುದೇ ಎಂದು ಕೇಳಿ. ಹಿಮೋಗ್ಲೋಬಿನ್ ಸಾಮಾನ್ಯವಾಗಿ 8ರ ಮೇಲಿದ್ದು ಎದೆನೋವು, ತಲೆಸುತ್ತು ಇಲ್ಲದಿದ್ದರೆ ರಕ್ತ ಏರಿಸುವ ಅಗತ್ಯ ಬೀಳುವುದಿಲ್ಲ; ಸೊಂಟದ ಶಸ್ತ್ರಚಿಕಿತ್ಸೆಯಾದ 2,016 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ, 10ಕ್ಕೆ ಏರಿಸಿದವರಿಗೆ ಹೆಚ್ಚಿನ ಲಾಭವಾಗಲಿಲ್ಲ ಎಂದು ತೋರಿಸಿದೆ.

ಮರುದಿನವೇ ಫಿಸಿಯೋಥೆರಪಿಸ್ಟ್ ಹಾಸಿಗೆಯಿಂದ ಎಬ್ಬಿಸಿ ವಾಕರ್ ಹಿಡಿಸುತ್ತಾರೆ. ಬ್ಲಾಕಿನ ಪ್ರಭಾವ ಉಳಿದಿದ್ದರೆ ಮಂಡಿ ಕುಸಿಯಬಹುದು, ಆದ್ದರಿಂದ ಮೊದಲ ಸಲ ಮನೆಯವರು ತಾವೇ ಎಬ್ಬಿಸಬಾರದು. ಕಾಲುಗಳಲ್ಲಿ ಬಲ ಮರಳಿದ ನಂತರ ಮತ್ತೆ ಮರಗಟ್ಟಿದರೆ, ಅಥವಾ ಸ್ಪೈನಲ್ ಕೊಟ್ಟು ನಾಲ್ಕು ಗಂಟೆ ಕಳೆದರೂ ಬಲ ಬಾರದಿದ್ದರೆ, ಅಥವಾ ತೀವ್ರ ಬೆನ್ನುನೋವು ಕಾಣಿಸಿದರೆ, ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಅರಿವಳಿಕೆ ತಜ್ಞರನ್ನು ಕರೆಸಿ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆಯ ವಿವರ ಇರುತ್ತದೆ, ಅರಿವಳಿಕೆಯದು ಒಂದು ಸಾಲಿಗೆ ಮುಗಿದಿರುತ್ತದೆ. ಯಾವ ಬಗೆ, ಔಷಧಿ ಎಷ್ಟು ಪ್ರಮಾಣ, ಸ್ಪೈನಲ್ ಸಲೀಸಾಗಿ ಸಿಕ್ಕಿತೇ, ಉಸಿರಾಟದ ಕೊಳವೆ ಹಾಕುವುದು ಕಷ್ಟವಾಯಿತೇ, ಬಿಪಿ ಎಷ್ಟಕ್ಕೆ ಇಳಿಯಿತು, ಸನ್ನಿ ಬಂದಿತ್ತೇ ಎಂಬಿಷ್ಟನ್ನು ಬರೆದುಕೊಡಲು ಕೇಳಿ, ಅದರ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಒಂದು ಸೊಂಟ ಮುರಿದವರಿಗೆ ಇನ್ನೊಂದೂ ಮುರಿಯುವ ಸಾಧ್ಯತೆ ಹೆಚ್ಚಾಗಿರುವುದರಿಂದ, ಮೂಳೆ ಗಟ್ಟಿಯಾಗಿಸುವ ಚಿಕಿತ್ಸೆಯನ್ನು ಯಾವಾಗ ಶುರುಮಾಡಬೇಕೆಂದು ಅದೇ ದಿನ ವಿಚಾರಿಸಿ.